ತೇಲುವ ಮನೆ ಸರಕಾದಾಗ

ನಮ್ಮ ವಾಚನಾಲಯಕ್ಕೆ ಸಂಜೆಯ ಹೊತ್ತು ತಪ್ಪದೆ ಬರುವ ಮಿತ್ರರೊಬ್ಬರು ಮುಂಬಯಿಯ ಒಂದು ಕ್ಲಿಯರಿಂಗ್ ಆಫೀಸಿನಲ್ಲಿ ಗುಮಾಸ್ತರಾಗಿದ್ದಾರೆ. ಕಳೆದ ತಿಂಗಳು ಅವರು ನಮ್ಮ ಮುಂದೆ ಒಂದು ಪ್ರಶ್ನೆಯನ್ನಿಟ್ಟರು. ಆಫೀಸಿನ ಕಾಗದವೊಂದರಲ್ಲಿ "ಬಳಸಿದ ಹಾಯಿ ನೌಕೆ, ಒಂದು, ಡೆಕ್ಕಿನ ಮೇಲೆ, ಕಳುಹಿಸುವವರ ಹೊಣೆಯಲ್ಲಿ" ಎಂಬ ಅರ್ಥದ ಸಾಲನ್ನು ಅವರು ಕಂಡಿದ್ದರು. "ನೀರಿನ ಮೇಲೆ ತಾನೇ ತೇಲಿ ಹೋಗುವ ದೋಣಿಯನ್ನು ಇನ್ನೊಂದು ಹಡಗಿನ ಮೇಲೆ ಏಕೆ ಹೇರಬೇಕು? ಎತ್ತನ್ನು ಗಾಡಿಯಲ್ಲಿ ಕೂರಿಸಿ ಗಾಡಿಯವನೇ ನೊಗ ಹೊತ್ತ ಹಾಗಾಯಿತಲ್ಲ!" ಎಂದು ಅವರು ನಕ್ಕರು. ನಾವೂ ನಕ್ಕೆವು. ಆದರೆ ವಿಚಾರಿಸುತ್ತ ಹೋದಂತೆ, ಆ ಒಂದು ಸಾಲಿನಲ್ಲಿ ಗಾಳಿಯ ವಿಷಯ, ತೂಕದ ಲೆಕ್ಕ, ಕಾನೂನು, ವಿಮೆ ಎಲ್ಲವೂ ಅಡಗಿವೆಯೆಂದು ತಿಳಿದುಬಂತು. ಆದುದರಿಂದ ಈ ಸಲದ ಪಾಠಕ್ಕೆ ಅದನ್ನೇ ಆರಿಸಿಕೊಂಡಿದ್ದೇವೆ.

ಪಾಠದುದ್ದಕ್ಕೂ ಗೊಂದಲವಾಗದಿರಲೆಂದು ಒಂದು ನಿಯಮ ಮಾಡಿಕೊಳ್ಳೋಣ. "ನೌಕೆ" ಎಂದಾಗ ಕುಟುಂಬದ ವಿಹಾರನೌಕೆ, ಎಂದರೆ ಯಾಟ್; "ಹಡಗು" ಎಂದಾಗ ಅದನ್ನು ಹೊತ್ತೊಯ್ಯುವ ಸರಕು ಹಡಗು.

1. ನೌಕೆಯೇ ಮನೆ

ಯಾಟ್ ಎಂದೊಡನೆ ಕೋಟ್ಯಧೀಶರ ವೈಭವ ನಮ್ಮ ಕಣ್ಣಮುಂದೆ ಬರುತ್ತದೆ. ಎಲ್ಲ ಯಾಟುಗಳೂ ಅಂಥವಲ್ಲ. ಯುರೋಪಿನಲ್ಲೂ ಅಮೆರಿಕದಲ್ಲೂ ಶಾಲಾ ಉಪಾಧ್ಯಾಯರು, ಇಂಜಿನಿಯರರು, ದಾದಿಯರು ವರ್ಷಗಟ್ಟಲೆ ಹಣ ಕೂಡಿಸಿ, ಕೆಲವರು ಮನೆಯನ್ನೇ ಮಾರಿ, ಹಳೆಯ ಹಾಯಿನೌಕೆಯೊಂದನ್ನು ಕೊಂಡು, ಮಕ್ಕಳೊಡನೆ ಒಂದೆರಡು ವರ್ಷ ಸಮುದ್ರ ಸಂಚಾರ ಮಾಡುವುದುಂಟು. ಅಂಥ ನೌಕೆ ಸಾಮಾನ್ಯವಾಗಿ 12 ಮೀಟರು ಉದ್ದ, 4 ಮೀಟರು ಅಗಲ ಇರುತ್ತದೆ. ತೂಕ ಸುಮಾರು 9 ಟನ್ನು. ಒಳಗೆ ಅಡಿಗೆಯ ಒಲೆ, ಮಲಗುವ ಹಲಗೆಗಳು, ಮಕ್ಕಳ ಪುಸ್ತಕಗಳು, ಅಪ್ಪನ ಉಪಕರಣಗಳ ಪೆಟ್ಟಿಗೆ. ಮುಂಬಯಿಯ ಒಂದು ಕೋಣೆಯಲ್ಲಿ ಸಂಸಾರ ಹೂಡಿದವರಿಗೆ ಈ ಇಕ್ಕಟ್ಟನ್ನು ನಾವು ವಿವರಿಸಬೇಕಾಗಿಲ್ಲ. ಆ ಕುಟುಂಬದ ಆಸ್ತಿಯೆಲ್ಲ ಅನೇಕ ವೇಳೆ ಈ ಒಂದು ನೌಕೆಯೇ. ಇದನ್ನು ಮರೆತರೆ ಮುಂದಿನ ಪಾಠವೆಲ್ಲ ಒಣ ಲೆಕ್ಕವಾಗುತ್ತದೆ.

2. ಹೋಗಲು ಒಲಿದ ಗಾಳಿ ಬರಲು ಒಲಿಯದು

ಮಿತ್ರರ ಪ್ರಶ್ನೆಗೆ ಮೊದಲ ಉತ್ತರ ಗಾಳಿಯಲ್ಲಿದೆ. ಅಟ್ಲಾಂಟಿಕ್ ಸಾಗರದಲ್ಲಿ ಉಷ್ಣವಲಯದ ಉತ್ತರ ಭಾಗದಲ್ಲಿ ವಾಣಿಜ್ಯ ಮಾರುತಗಳು ಈಶಾನ್ಯದಿಂದ ನೈಋತ್ಯದ ಕಡೆಗೆ ಬೀಸುತ್ತವೆ. ಸ್ಪೇನಿಗೆ ಸೇರಿದ ಕನೇರಿ ದ್ವೀಪಗಳಿಂದ ನವೆಂಬರ್ ತಿಂಗಳ ಸುಮಾರಿಗೆ ಹಾಯಿ ಬಿಚ್ಚಿದವರು ಗಾಳಿಯನ್ನು ಬೆನ್ನಿಗೆ ಹಾಕಿಕೊಂಡು, ಸುಮಾರು 2,700 ನಾಟಿಕಲ್ ಮೈಲಿಗಳನ್ನು ಮೂರು ವಾರಗಳಲ್ಲಿ ದಾಟಿ ಕೆರಿಬಿಯನ್ ದ್ವೀಪಗಳನ್ನು ಮುಟ್ಟುತ್ತಾರೆ. 1986ರಿಂದ ಪ್ರತಿ ವರ್ಷವೂ ನೌಕೆಗಳ ಒಂದು ದೊಡ್ಡ ತಂಡವೇ ಹೀಗೆ ಒಟ್ಟಾಗಿ ಹೊರಡುತ್ತದೆ.

ಹಿಂತಿರುಗುವಾಗ ಅದೇ ಗಾಳಿ ಎದುರಾಗುತ್ತದೆ. ಹಾಯಿನೌಕೆ ಗಾಳಿಗೆ ನೇರ ಎದುರಾಗಿ ಸಾಗಲಾರದು. ಆದುದರಿಂದ ಉತ್ತರಕ್ಕೆ ಬಹುದೂರ ಸುತ್ತಿ, ಬರ್ಮುಡಾ ಅಥವಾ ಅಝೋರ್ಸ್ ದ್ವೀಪಗಳ ದಾರಿ ಹಿಡಿದು, ಪಶ್ಚಿಮದ ಗಾಳಿಯನ್ನು ಹುಡುಕಿಕೊಂಡು ಬರಬೇಕು. ಅಲ್ಲಿ ಚಳಿ ಹೆಚ್ಚು, ಬಿರುಗಾಳಿಯೂ ಹೆಚ್ಚು. ಹೆಚ್ಚು ದಿನ ಕಾಯುವಂತೆಯೂ ಇಲ್ಲ. ಜೂನ್ 1ರಿಂದ ನವೆಂಬರ್ 30ರವರೆಗೆ ಆ ಕಡೆ ಚಂಡಮಾರುತದ ಕಾಲ.

ಇನ್ನು ದಿನಗಳ ಲೆಕ್ಕ. ಕೆರಿಬಿಯನ್ನಿನ ಮಾರ್ಟಿನೀಕ್ ದ್ವೀಪದಿಂದ ಸ್ಪೇನಿನ ಪಾಲ್ಮಾ ಬಂದರಿಗೆ ಇರುವ ದೂರದಲ್ಲಿ 3,600 ನಾಟಿಕಲ್ ಮೈಲಿಗಳನ್ನಷ್ಟೇ ಲೆಕ್ಕಕ್ಕೆ ಹಿಡಿಯೋಣ. ಗಂಟೆಗೆ 6 ಮೈಲಿ ಓಡುವ ನೌಕೆಗೆ ದಿನಕ್ಕೆ 144 ಮೈಲಿಯಂತೆ 25 ದಿನ ಬೇಕು. ಸುತ್ತುದಾರಿಯಾದರೆ ಇನ್ನೂ ಹೆಚ್ಚು. ಗಂಟೆಗೆ 15 ಮೈಲಿ ಓಡುವ ಹಡಗಿಗೆ 10 ದಿನ ಸಾಕು. ಅಪ್ಪನ ರಜೆ ಮುಗಿದಿದೆ, ಮಕ್ಕಳ ಶಾಲೆ ಕರೆಯುತ್ತಿದೆ, ತಾಯಿಗೆ ಹೋಗುವಾಗಿನ ಅಲೆಗಳ ಹೆದರಿಕೆ ಇನ್ನೂ ಮಾಸಿಲ್ಲ. ಆಗ ಅವರು ನೌಕೆಯನ್ನು ಹಡಗಿನ ಮೇಲೆ ಹೇರಿಸಿ, ತಾವು ವಿಮಾನ ಹತ್ತುತ್ತಾರೆ.

ಗಾಳಿಯಲ್ಲದೆ ಮನುಷ್ಯನೂ ದಾರಿಯನ್ನು ಮುಚ್ಚುವುದುಂಟು. ಇದಕ್ಕೆ ಉದಾಹರಣೆ ನಮ್ಮ ಅರಬ್ಬೀ ಸಮುದ್ರದಲ್ಲೇ ಇದೆ. 2011ರ ಫೆಬ್ರವರಿಯಲ್ಲಿ "ಕ್ವೆಸ್ಟ್" ಎಂಬ ನೌಕೆ ಮುಂಬಯಿಯಿಂದ ಹೊರಟು ಓಮಾನಿನ ಸಲಾಲಾ ಬಂದರಿಗೆ ಹೋಗುತ್ತಿದ್ದಾಗ ಸೋಮಾಲಿ ಕಡಲ್ಗಳ್ಳರ ಕೈಗೆ ಸಿಕ್ಕಿತು. ಅದರಲ್ಲಿದ್ದ ನಾಲ್ವರು ಅಮೆರಿಕನರೂ ಹತರಾದರು. ಅದೇ ತಿಂಗಳು ಮೂವರು ಮಕ್ಕಳಿದ್ದ ಡೆನ್ಮಾರ್ಕಿನ ಒಂದು ಕುಟುಂಬ ಸೆರೆಯಾಯಿತು. ಅವರ ಬಿಡುಗಡೆಯಾದುದು ಸೆಪ್ಟೆಂಬರಿನಲ್ಲಿ. ಹೀಗಿರಲು ಆ ವರ್ಷ ಕೆಂಪು ಸಮುದ್ರದ ಮಾರ್ಗವಾಗಿ ಊರಿಗೆ ಹೋಗಬೇಕೆಂದಿದ್ದ ಹಲವು ಕುಟುಂಬಗಳು ಮಾಲ್ಡೀವ್ಸ್ ದ್ವೀಪಗಳಲ್ಲಿ ತಮ್ಮ ನೌಕೆಗಳನ್ನು ಹಡಗಿಗೆ ಹೇರಿಸಿ, ತುರ್ಕಿಯ ಮಾರ್ಮರಿಸ್ ಬಂದರಿಗೆ ಕಳುಹಿಸಿದವು. ಅವರಿಗೆ ಅದು ಸುಖದ ಮಾತಾಗಿರಲಿಲ್ಲ, ಪ್ರಾಣದ ಮಾತಾಗಿತ್ತು.

3. ಅಳತೆಯಲ್ಲಿ ಸುಳ್ಳು ಹೇಳಬಾರದು

ಹಡಗಿನ ಕಂಪನಿ ಮೊದಲು ಕೇಳುವುದು ಅಳತೆಯನ್ನು. ಡೆಕ್ಕಿನ ಮೇಲೆ ನೌಕೆ ಎಷ್ಟು ಜಾಗ ಹಿಡಿಯುತ್ತದೆಂಬುದರ ಮೇಲೆ ಬಾಡಿಗೆ ನಿಲ್ಲುತ್ತದೆ. 12 ಮೀಟರು ಉದ್ದ, 4 ಮೀಟರು ಅಗಲ, ತಳದಿಂದ ಮಾಡಿನವರೆಗೆ 4 ಮೀಟರು ಎತ್ತರವಾದರೆ 192 ಘನ ಮೀಟರು. ಆದರೆ ಕೊಂಡಾಗಿನ ಕಾಗದದಲ್ಲಿ 12 ಮೀಟರೆಂದಿದ್ದರೂ, ಮುಂದೆ ಚಾಚಿದ ಲಂಗರು, ಹಿಂದೆ ಚಿಕ್ಕ ದೋಣಿಯನ್ನು ತೂಗುಹಾಕುವ ಕಬ್ಬಿಣದ ತೋಳುಗಳು ಸೇರಿದರೆ ನಿಜವಾದ ಉದ್ದ 13.5 ಮೀಟರಾಗಬಹುದು. ಆಗ ಲೆಕ್ಕ 216 ಘನ ಮೀಟರಿಗೆ ಏರುತ್ತದೆ. ಬಾಡಿಗೆ ನೂರಕ್ಕೆ ಹನ್ನೆರಡೂವರೆಯಷ್ಟು ಹೆಚ್ಚುತ್ತದೆ. ಉಳಿತಾಯವಾಗಲೆಂದು ಕಡಿಮೆ ಬರೆದುಕೊಟ್ಟವರು ದಕ್ಕೆಯಲ್ಲಿ ಸಿಕ್ಕಿಬೀಳುತ್ತಾರೆ. ಅವರಿಗೆಂದು ಗುರುತು ಮಾಡಿಟ್ಟ ಜಾಗದಲ್ಲಿ ನೌಕೆ ಹಿಡಿಸದಿದ್ದರೆ ಹೆಚ್ಚು ಹಣ ತೆರಬೇಕು, ಇಲ್ಲವೇ ಹಡಗು ಅವರನ್ನು ಬಿಟ್ಟು ಹೊರಡುತ್ತದೆ.

ತೂಕದ ಮಾತೂ ಹಾಗೆಯೇ. ಕಾರ್ಖಾನೆಯಿಂದ ಹೊರಬಂದಾಗಿನ ತೂಕವೇ ಬೇರೆ. ಎರಡು ವರ್ಷದ ಸಂಸಾರದ ಸಾಮಾನು, ನೀರು, ಎಣ್ಣೆ ತುಂಬಿದ ತೂಕವೇ ಬೇರೆ. ಕ್ರೇನು ಎತ್ತುವುದು ಎರಡನೆಯದನ್ನು.

4. ಎತ್ತುವ ಬಗೆ

ನೌಕೆಯನ್ನು ಹೇರಲು ಮುಖ್ಯವಾಗಿ ಎರಡು ಕ್ರಮಗಳಿವೆ.

ಮೊದಲನೆಯದು ಹೆಚ್ಚು ರೂಢಿಯಲ್ಲಿರುವುದು. ತನ್ನದೇ ಕ್ರೇನುಗಳುಳ್ಳ ಹಡಗಿನ ಪಕ್ಕಕ್ಕೆ ನೌಕೆಯನ್ನು ತರುತ್ತಾರೆ. ಮೇಲಿನಿಂದ ಒಂದು ಅಡ್ಡದೂಲ ಇಳಿದು ಬರುತ್ತದೆ. ಅದಕ್ಕೆ ಅಗಲವಾದ ಎರಡು ಪಟ್ಟಿಗಳು ತೂಗುತ್ತಿರುತ್ತವೆ. ಒಂದನ್ನು ನೌಕೆಯ ಮುಂಭಾಗಕ್ಕೂ ಇನ್ನೊಂದನ್ನು ಹಿಂಭಾಗಕ್ಕೂ ಕೆಳಗಿನಿಂದ ಹಾಯಿಸುತ್ತಾರೆ. ಮುಳುಗುಗಾರರು ನೀರಿಗಿಳಿದು, ಪಟ್ಟಿ ಚುಕ್ಕಾಣಿಯ ಮೇಲಾಗಲಿ ಪ್ರೊಪೆಲ್ಲರಿನ ದಂಡದ ಮೇಲಾಗಲಿ ಕೂತಿಲ್ಲವೆಂದು ನೋಡುತ್ತಾರೆ. ಪಟ್ಟಿ ಕೂರಬೇಕಾದ ಸ್ಥಳವನ್ನು ಒಡೆಯನು ಮುಂಚೆಯೇ ನೌಕೆಯ ಎರಡು ಬದಿಗಳಲ್ಲೂ ಗುರುತು ಮಾಡಿರಬೇಕು. ಹಾಯಿಕಂಬವನ್ನು ಹಿಂದಕ್ಕೆ ಜಗ್ಗಿ ಹಿಡಿಯುವ ತಂತಿ ಕ್ರೇನಿಗೆ ಅಡ್ಡಬರುವುದಾದರೆ ಅದನ್ನು ಮೊದಲೇ ಬಿಚ್ಚಿರಬೇಕು. ಇಷ್ಟಾದ ಮೇಲೆ 9 ಟನ್ನಿನ ಮನೆ ನೀರು ಸುರಿಸುತ್ತ ಆಕಾಶಕ್ಕೆ ಏರುತ್ತದೆ. ಡೆಕ್ಕಿನ ಮೇಲೆ ಅದಕ್ಕೊಂದು ತೊಟ್ಟಿಲನ್ನು ಕಟ್ಟುತ್ತಾರೆ. ಕಬ್ಬಿಣದ ಆ ತೊಟ್ಟಿಲನ್ನು ಡೆಕ್ಕಿಗೆ ಬೆಸೆದು, ನೌಕೆಯನ್ನು ನಾಲ್ಕೂ ಕಡೆಯಿಂದ ಬಿಗಿಯುತ್ತಾರೆ.

ಎರಡನೆಯ ಕ್ರಮ ನೋಡಲು ಸೋಜಿಗದ್ದು. ಇಲ್ಲಿ ಹಡಗೇ ತನ್ನ ತೊಟ್ಟಿಗಳಿಗೆ ನೀರು ತುಂಬಿಕೊಂಡು ಡೆಕ್ಕನ್ನು ಮುಳುಗಿಸುತ್ತದೆ. ನೌಕೆಗಳು ತೇಲುತ್ತ ಒಳಗೆ ಬಂದು ತಮ್ಮ ತಮ್ಮ ಸ್ಥಳದಲ್ಲಿ ನಿಲ್ಲುತ್ತವೆ. ಆಮೇಲೆ ನೀರನ್ನು ಹೊರಕ್ಕೆ ಹಾಕಿದಂತೆ ಡೆಕ್ಕು ಮೇಲೆದ್ದು, ನೌಕೆಗಳು ಒಣನೆಲದಲ್ಲಿ ನಿಂತಂತೆ ಆಧಾರಗಳ ಮೇಲೆ ನಿಲ್ಲುತ್ತವೆ. 2007ರಲ್ಲಿ ಕೆಲಸಕ್ಕಿಳಿದ 209 ಮೀಟರು ಉದ್ದದ "ಯಾಟ್ ಎಕ್ಸ್‌ಪ್ರೆಸ್" ಈ ಕೆಲಸಕ್ಕೆಂದೇ ಕಟ್ಟಿದ ಹಡಗು.

ಹೇರುವ ಮುನ್ನ ಕುಟುಂಬ ಮಾಡಬೇಕಾದ ಕೆಲಸಗಳು ಇಷ್ಟು: ಹಾಯಿಗಳನ್ನೂ ಬಟ್ಟೆಯ ಮಾಡನ್ನೂ ಬಿಚ್ಚಿ ಒಳಗಿಡಬೇಕು. ಎಣ್ಣೆಯನ್ನು ಕಡಿಮೆ ಮಾಡಬೇಕು. ಅಡಿಗೆಯ ಗ್ಯಾಸನ್ನೂ ಬ್ಯಾಟರಿಯನ್ನೂ ಕಳಚಬೇಕು. ಕೆಡುವ ಆಹಾರವನ್ನೆಲ್ಲ ತೆಗೆಯಬೇಕು. ಬಾಗಿಲು ಕಿಟಕಿಗಳನ್ನು ಭದ್ರಪಡಿಸಿ, ಬೀಗದ ಕೈಯೊಂದನ್ನು ಹೇರುವ ಮುಖ್ಯಸ್ಥನಿಗೆ ಕೊಡಬೇಕು. ಕೊನೆಯದಾಗಿ, ನೌಕೆಯ ಒಳಹೊರಗನ್ನೆಲ್ಲ ತಾರೀಕು ಸಹಿತ ಛಾಯಾಚಿತ್ರ ತೆಗೆದು, ಇರುವ ವಸ್ತುಗಳ ಪಟ್ಟಿ ಬರೆದಿಡಬೇಕು. ಈ ಪಟ್ಟಿಯ ಬೆಲೆ ಮುಂದೆ ತಿಳಿಯುತ್ತದೆ.

5. ಎರಡು ಪದಗಳ ಭಾರ

ನೌಕೆ ಡೆಕ್ಕಿನ ಮೇಲೆ ಕೂತ ಕ್ಷಣದಿಂದ ಅದು ನೌಕೆಯಲ್ಲ, ಸರಕು. ಮಹಾಸಾಗರವನ್ನು ದಾಟಿಸಿ ತಂದ ಒಡೆಯನ ಜಾಣ್ಮೆಯೆಲ್ಲ ಇನ್ನು ನಿರುಪಯೋಗ. ಇನ್ನು ಮಾತಾಡುವುದು ಒಂದು ಕಾಗದ. ಅದಕ್ಕೆ ಬಿಲ್ ಆಫ್ ಲೇಡಿಂಗ್ ಎಂದು ಹೆಸರು. ಅದು ಮೂರು ಕೆಲಸಗಳನ್ನು ಮಾಡುತ್ತದೆ: ಸರಕು ತಲುಪಿತೆಂಬ ರಶೀದಿ, ಸಾಗಿಸುವ ಕರಾರಿಗೆ ಸಾಕ್ಷಿ, ಸರಕಿನ ಮೇಲಿನ ಹಕ್ಕಿನ ಪತ್ರ.

1924ರಲ್ಲಿ ಬ್ರಸೆಲ್ಸ್ ನಗರದಲ್ಲಿ ಹಲವು ದೇಶಗಳು ಒಪ್ಪಿದ ಹೇಗ್ ಸೂತ್ರಗಳು ಸರಕಿನ ವಿಷಯದಲ್ಲಿ ಹಡಗಿನವರ ಕನಿಷ್ಠ ಹೊಣೆಯನ್ನು ಗೊತ್ತುಮಾಡಿದವು. ನಮ್ಮ ದೇಶದಲ್ಲೂ ಅವುಗಳನ್ನನುಸರಿಸಿ 1925ರಲ್ಲಿ ಕಾನೂನಾಯಿತು. 2025ರಲ್ಲಿ ಅದರ ಸ್ಥಾನಕ್ಕೆ ಹೊಸ ಕಾನೂನು ಬಂದಿದೆ. ಆದರೆ ಹೇಗ್ ಸೂತ್ರಗಳು ಎರಡು ಬಗೆಯ ಸರಕನ್ನು ತಮ್ಮ ರಕ್ಷಣೆಯಿಂದ ಹೊರಗಿಟ್ಟವು. ಒಂದು, ಜೀವಂತ ಪ್ರಾಣಿಗಳು. ಇನ್ನೊಂದು, ಡೆಕ್ಕಿನ ಮೇಲೆ ಒಯ್ಯುವುದಾಗಿ ಕರಾರಿನಲ್ಲಿ ನಮೂದಿಸಿ, ಹಾಗೆಯೇ ಒಯ್ದ ಸರಕು. ಎಂದರೆ, "ಡೆಕ್ಕಿನ ಮೇಲೆ" ಎಂಬ ಎರಡು ಪದಗಳನ್ನು ಬರೆದರೆ ಒಂದು ಹೊಣೆ, ಬರೆಯದಿದ್ದರೆ ಇನ್ನೊಂದು ಹೊಣೆ. ಅದರ ಜೊತೆಗೆ "ಕಳುಹಿಸುವವರ ಹೊಣೆಯಲ್ಲಿ" ಎಂದೂ ಸೇರಿದರೆ, ಅಲೆ ಬಡಿದು ನೌಕೆ ಒಡೆದರೂ ಹಡಗಿನವರನ್ನು ಕೇಳುವುದು ಬಹಳ ಕಷ್ಟ. ಕರಾವಳಿಯಿಂದ ಆಗಬೋಟಿನಲ್ಲಿ ಡೆಕ್ಕಿನ ಟಿಕೇಟು ಕೊಂಡು ಮುಂಬಯಿಗೆ ಬಂದ ನಮ್ಮ ಹಿರಿಯರಿಗೆ ಡೆಕ್ಕೆಂದರೆ ಏನೆಂದು ಗೊತ್ತಿತ್ತು: ಬಿಸಿಲು, ಮಳೆ, ಉಪ್ಪುನೀರು, ಎಲ್ಲವೂ ಅವರವರ ಪಾಲಿಗೆ.

ಇಂಥ ಮಾತು ನಮಗೆ ದೂರದ್ದೆಂದು ವಾಚಕರು ತಿಳಿಯಬಾರದು. ಒಮ್ಮೆ ನಮ್ಮ ವಾಚನಾಲಯಕ್ಕೆ ಊರಿನ ಹಿತೈಷಿಗಳು ಎರಡು ಪೆಟ್ಟಿಗೆ ಪುಸ್ತಕಗಳನ್ನು ಲಾರಿಯಲ್ಲಿ ಕಳುಹಿಸಿದ್ದರು. ಮಳೆಗಾಲ, ತಾಡಪಾಲು ಹರಿದಿತ್ತು. ಒಂದು ಪೆಟ್ಟಿಗೆಯ ಪುಸ್ತಕಗಳೆಲ್ಲ ನೆನೆದು ಮುದ್ದೆಯಾಗಿ ಬಂದವು. ಲಾರಿ ಆಫೀಸಿಗೆ ಹೋದರೆ, ಅವರು ರಶೀದಿಯ ಹಿಂಬದಿಯನ್ನು ತೋರಿಸಿದರು. ಸಣ್ಣ ಅಕ್ಷರದಲ್ಲಿ "ಮಾಲೀಕರ ಹೊಣೆಯಲ್ಲಿ" ಎಂದಿತ್ತು. ಪೆಟ್ಟಿಗೆ ಇಳಿಸಿಕೊಂಡಾಗ, ಒದ್ದೆಯಾಗಿದೆಯೆಂದು ಒಂದು ಮಾತನ್ನೂ ಬರೆಯದೆ ಸಹಿ ಹಾಕಿದವರು ನಾವೇ. ಆ ಪುಸ್ತಕಗಳನ್ನು ಬಿಸಿಲಿಗೆ ಹರಡಿ ಒಂದೊಂದೇ ಹಾಳೆ ಬಿಡಿಸಿದ ಭಾನುವಾರವನ್ನು ನಾವು ಮರೆತಿಲ್ಲ.

6. ತೊಟ್ಟಿಲು ಯಾರದು?

2019ರ ಮೇ ತಿಂಗಳಲ್ಲಿ, ಕೆರಿಬಿಯನ್ನಿನಿಂದ ಮೆಡಿಟರೇನಿಯನ್ನಿಗೆ ಮರಳುತ್ತಿದ್ದ "ಮೈ ಸಾಂಗ್" ಎಂಬ ಸುಮಾರು 40 ಮೀಟರಿನ ದೊಡ್ಡ ನೌಕೆ ಹಡಗಿನ ಡೆಕ್ಕಿನಿಂದ ಸಮುದ್ರಕ್ಕೆ ಉರುಳಿತು. ಅದನ್ನು ಕಟ್ಟಿದ್ದ ತೊಟ್ಟಿಲು ನೌಕೆಯವರೇ ಒದಗಿಸಿದ್ದು, ಅವರ ಸಿಬ್ಬಂದಿಯೇ ಜೋಡಿಸಿದ್ದು ಎಂದು ಸಾಗಿಸುತ್ತಿದ್ದ ಕಂಪನಿ ಹೇಳಿತು. ತಪ್ಪು ಯಾರದೆಂಬ ವಿಚಾರ ನಮಗಿಲ್ಲಿ ಬೇಡ. ಇದರಿಂದ ಕಲಿಯತಕ್ಕದ್ದು ಇಷ್ಟೆ: ತೊಟ್ಟಿಲು ಯಾರದು, ಬಿಗಿದವರು ಯಾರು, ನೋಡಿ ಒಪ್ಪಿದವರು ಯಾರು ಎಂಬ ಮೂರು ಪ್ರಶ್ನೆಗಳಿಗೆ ಹಡಗು ಹೊರಡುವ ಮುನ್ನವೇ ಕಾಗದದಲ್ಲಿ ಉತ್ತರ ಇರಬೇಕು.

ಹಡಗಿನವರ ಹೊಣೆ ಇಷ್ಟು ಸಡಿಲವಾಗಿರುವುದರಿಂದ ವಿಮೆ ಅನಿವಾರ್ಯ. ನೌಕೆ ತಾನೇ ಸಾಗುವಾಗಿನ ಪಾಲಿಸಿ ಅದು ಸರಕಾಗಿ ಹೋಗುವಾಗ ಅನ್ವಯಿಸುತ್ತದೆಂದು ನಂಬಿಕೊಂಡಿರಬಾರದು. ಬರಹದಲ್ಲಿ ಕೇಳಿ ತಿಳಿಯಬೇಕು. ಸರಕಿನ ವಿಮೆಯಲ್ಲಿ ಎ, ಬಿ, ಸಿ ಎಂದು ಮೂರು ಬಗೆಯ ಷರತ್ತುಗಳು ರೂಢಿಯಲ್ಲಿವೆ. ಎ ಎಲ್ಲಕ್ಕಿಂತ ವಿಶಾಲ, ಸಿ ಎಲ್ಲಕ್ಕಿಂತ ಸಂಕುಚಿತ. ಅಪಾಯ ಬಂದಾಗ ಸರಕನ್ನು ಬೇಕೆಂದೇ ಸಮುದ್ರಕ್ಕೆ ಎಸೆದ ನಷ್ಟ ಸಿ ಷರತ್ತಿನಲ್ಲೂ ಸೇರಿದೆ. ಆದರೆ ಅಲೆ ಬಂದು ಡೆಕ್ಕಿನಿಂದ ಸರಕನ್ನು ಕೊಚ್ಚಿಕೊಂಡು ಹೋದರೆ ಅದು ಬಿ ಷರತ್ತಿನಲ್ಲಿ ಸೇರಿದೆ, ಸಿ ಷರತ್ತಿನಲ್ಲಿಲ್ಲ. ಡೆಕ್ಕಿನ ಮೇಲಿನ ನೌಕೆಗೆ ಹಣ ಉಳಿಸಲೆಂದು ಸಿ ಕೊಂಡವರು ಕೊಡೆಯನ್ನು ಕೊಂಡು ಬಟ್ಟೆಯನ್ನು ಬಿಟ್ಟುಬಂದಂತೆ.

7. ಕೆಡದ ಸರಕಿಗೂ ದಂಡ

ಇನ್ನೊಂದು ಪುರಾತನ ನಿಯಮವುಂಟು. ಎಲ್ಲರ ಸರಕೂ ಹಡಗೂ ಉಳಿಯಲೆಂದು ಬುದ್ಧಿಪೂರ್ವಕವಾಗಿ ಕೆಲವರ ಸರಕನ್ನು ಬಲಿಕೊಟ್ಟರೆ, ಅಥವಾ ವಿಶೇಷ ಖರ್ಚು ಮಾಡಿದರೆ, ಆ ನಷ್ಟವನ್ನು ಎಲ್ಲರೂ ಹಂಚಿಕೊಳ್ಳಬೇಕು. ಇದಕ್ಕೆ ಜನರಲ್ ಆವರೇಜ್ ಎನ್ನುತ್ತಾರೆ. ಲೆಕ್ಕ ಸುಲಭ. ಹಡಗಿನ ಬೆಲೆ 60 ಕೋಟಿ, ಉಳಿದವರ ಸರಕು 39 ಕೋಟಿ 50 ಲಕ್ಷ, ನಮ್ಮ ಕುಟುಂಬದ ನೌಕೆ 50 ಲಕ್ಷ ಎಂದಿಟ್ಟುಕೊಳ್ಳಿ. ಒಟ್ಟು 100 ಕೋಟಿ. ಬಲಿಕೊಟ್ಟದ್ದು 4 ಕೋಟಿಯಾದರೆ, ನೂರಕ್ಕೆ 4ರಂತೆ ನೌಕೆಯ ಪಾಲು 2 ಲಕ್ಷ. ನೌಕೆಗೆ ಒಂದು ಗೀರೂ ಬಿದ್ದಿರದಿದ್ದರೂ ಇದನ್ನು ಕೊಡಲೇಬೇಕು. ಜಾಮೀನು ಕೊಡುವವರೆಗೆ ಸರಕನ್ನು ಬಿಡುವುದಿಲ್ಲ.

2021ರ ಮಾರ್ಚ್ 23ರಂದು "ಎವರ್ ಗಿವನ್" ಎಂಬ ಹಡಗು ಸೂಯೆಜ್ ಕಾಲುವೆಗೆ ಅಡ್ಡಲಾಗಿ ಸಿಕ್ಕಿಕೊಂಡು ಆರು ದಿನ ದಾರಿಯನ್ನೇ ಮುಚ್ಚಿದ್ದು ವಾಚಕರಿಗೆ ನೆನಪಿರಬಹುದು. ಅದರ 25 ಮಂದಿ ನಾವಿಕರೂ ಭಾರತೀಯರು. ಆ ಹಡಗಿನ ವಿಷಯದಲ್ಲಿ ಇದೇ ನಿಯಮವನ್ನು ಸಾರಲಾಯಿತು. ಅದರಲ್ಲಿ ಸರಕಿಟ್ಟವರೆಲ್ಲ ಜಾಮೀನು ಒದಗಿಸಬೇಕಾಯಿತು. ಸರಕಿನ ವಿಮೆ ಇದ್ದವರ ಪರವಾಗಿ ವಿಮಾ ಕಂಪನಿ ಇದನ್ನು ನೋಡಿಕೊಳ್ಳುತ್ತದೆ. ಇಲ್ಲದವರು ತಾವೇ ಹಣ ಹುಡುಕಬೇಕು.

8. ಇಳಿಸುವ ದಿನ

ಹಡಗು ಬರುವ ದಿನ ಗೊತ್ತಾದಂತೆ ಇರುವುದಿಲ್ಲ, ಹಿಂದುಮುಂದಾಗುತ್ತದೆ. ಒಡೆಯನು ಮುಂಚೆಯೇ ಹೋಗಿ ಕಾದಿರಬೇಕು. ಸುಂಕದ ಕಟ್ಟೆಯಲ್ಲಿ, ಇದು ಹೊಸದಾಗಿ ತಂದ ಮಾಲಲ್ಲ, ಇಲ್ಲಿಂದಲೇ ಹೋದ ನಮ್ಮ ಸ್ವಂತ ನೌಕೆ ಎಂದು ತೋರಿಸುವ ಕಾಗದಗಳು ಬೇಕು. ಯುರೋಪ್ ಒಕ್ಕೂಟದಲ್ಲಿ ಸಾಮಾನ್ಯವಾಗಿ 3 ವರ್ಷಗಳೊಳಗೆ ಮರಳಿದ ಇಂಥ ವಸ್ತುವಿಗೆ ಸುಂಕದ ವಿನಾಯಿತಿ ಉಂಟು. ಹೊರಟ ದಿನದ ಕಾಗದವನ್ನು ಕಳೆದುಕೊಂಡವರಿಗೆ ಮನೆಗೆ ಮರಳಿದ ಮಗನನ್ನು ಪರದೇಶಿಯೆಂದು ಬಾಗಿಲಲ್ಲಿ ತಡೆದಂತಾಗುತ್ತದೆ.

ನೌಕೆಯನ್ನು ಎತ್ತುವ ಮೊದಲು ಡೆಕ್ಕಿನ ಮೇಲೆಯೇ ಸುತ್ತ ನೋಡಿ, ಹಾನಿಯಿದ್ದರೆ ರಶೀದಿಯ ಮೇಲೆ ಬರೆದು ಸಹಿ ಹಾಕಬೇಕು. ಹಳೆಯ ಛಾಯಾಚಿತ್ರಗಳೂ ಪಟ್ಟಿಯೂ ಈಗ ಸಾಕ್ಷಿ ಹೇಳುತ್ತವೆ. ಹೇಗ್ ಸೂತ್ರಗಳಲ್ಲಿ, ಮೇಲುನೋಟಕ್ಕೆ ಕಾಣದ ಹಾನಿಯನ್ನು ತಿಳಿಸಲು 3 ದಿನ, ದಾವೆ ಹೂಡಲು 1 ವರ್ಷ ಎಂದಿದೆ. ಡೆಕ್ಕಿನ ಸರಕಿನವರು ತಮ್ಮ ಕರಾರಿನಲ್ಲಿ ಎಷ್ಟಿದೆಯೆಂದು ನೋಡಿಕೊಳ್ಳಬೇಕು. ಆಮೇಲೆ ನೌಕೆ ನೀರಿಗಿಳಿಯುತ್ತದೆ. ಪಟ್ಟಿಗಳು ಇನ್ನೂ ಬಿಗಿಯಾಗಿರುವಾಗಲೇ ಒಡೆಯನು ಒಳಗಿಳಿದು, ತಳದ ಹಲಗೆ ಎತ್ತಿ, ನೀರು ಜಿನುಗುತ್ತಿದೆಯೇ ಎಂದು ಕೈಯಿಟ್ಟು ನೋಡುತ್ತಾನೆ. ಇಂಜಿನ್ನು ಶುರುವಾಗುತ್ತದೆ. ಅವನು ಕೈಯೆತ್ತಿದ ಮೇಲೆಯೇ ಪಟ್ಟಿ ಸಡಿಲವಾಗುವುದು. ಆ ಕ್ಷಣಕ್ಕೆ ಸರಕು ಮತ್ತೆ ಮನೆಯಾಗುತ್ತದೆ.

9. ನಮ್ಮ ಪಾಲಿನ ಮಾತು

ನಮ್ಮ ವಾಚಕರಲ್ಲಿ ನೌಕೆ ಉಳ್ಳವರು ಯಾರೂ ಇರಲಾರರು. ಆದರೆ ದಕ್ಕೆಯಲ್ಲಿ, ಗೋದಾಮಿನಲ್ಲಿ, ಲಾರಿ ಆಫೀಸಿನಲ್ಲಿ, ವಿಮಾ ಕಚೇರಿಯಲ್ಲಿ ದಿನವೂ ನೂರು ಸಾಲುಗಳನ್ನು ಟೈಪು ಮಾಡುವವರು, ಪೆಟ್ಟಿಗೆಗೆ ಹಗ್ಗ ಬಿಗಿಯುವವರು ಅನೇಕರಿದ್ದಾರೆ. ಆ ಸಾಲಿನ ಆಚೆಗೆ ಯಾರದೋ ಮನೆ ಇದೆ. ಹಗ್ಗದ ಒಂದು ಗಂಟು ಸಡಿಲವಾದರೆ ಆಗುವ ನಷ್ಟವೇ ಕಾಗದದ ಒಂದು ಪದ ತಪ್ಪಿದರೂ ಆಗುತ್ತದೆ. ಪಾಠದ ಕರಡನ್ನು ಓದಿ ಮುಗಿಸಿದ ನಮ್ಮ ಮಿತ್ರರು ಈ ಸಲ ನಗಲಿಲ್ಲ. "ಇಷ್ಟು ದಿನ ಆ ಸಾಲನ್ನು ಬೆರಳು ಟೈಪು ಮಾಡುತ್ತಿತ್ತು, ಇನ್ನು ಕಣ್ಣೂ ಓದುತ್ತದೆ" ಎಂದರು. ನಮಗೆ ಅಷ್ಟು ಸಾಕು.

ಅಭ್ಯಾಸ

(1) ಕೆರಿಬಿಯನ್ನಿಗೆ ಹಾಯಿಯಲ್ಲಿ ಹೋದ ಕುಟುಂಬ ಅದೇ ದಾರಿಯಲ್ಲಿ ಏಕೆ ಮರಳಲಾರದು?

(2) ಉದ್ದ 11 ಮೀಟರು, ಅಗಲ 3.5 ಮೀಟರು, ಎತ್ತರ 4 ಮೀಟರು ಇರುವ ನೌಕೆ ಎಷ್ಟು ಘನ ಮೀಟರು? ಉದ್ದ 1 ಮೀಟರು ಹೆಚ್ಚಾದರೆ ಎಷ್ಟು?

(3) ಹಡಗು ಮತ್ತು ಸರಕಿನ ಒಟ್ಟು ಬೆಲೆ 80 ಕೋಟಿ, ಹಂಚಬೇಕಾದ ನಷ್ಟ 2 ಕೋಟಿ. 40 ಲಕ್ಷದ ನೌಕೆಯ ಪಾಲೆಷ್ಟು?

(4) ನಿಮ್ಮ ಬಳಿ ಇರುವ ಯಾವುದಾದರೂ ಲಾರಿ ಅಥವಾ ಪಾರ್ಸಲ್ ರಶೀದಿಯ ಹಿಂಬದಿಯನ್ನು ಓದಿ, ನಷ್ಟದ ಹೊಣೆ ಯಾರದೆಂದು ಬರೆದಿದೆ ನೋಡಿರಿ.

ಉತ್ತರಗಳನ್ನು ವಾಚನಾಲಯದ ಮೇಜಿನ ಮೇಲಿರುವ ವಹಿಯಲ್ಲಿ ಬರೆಯಬಹುದು. ನಾಲ್ಕನೆಯ ಪ್ರಶ್ನೆಯ ಉತ್ತರವನ್ನು ನಿಮ್ಮ ಮನೆಯವರಿಗೂ ಓದಿ ಹೇಳಿರಿ.